ಕೊಡಗಿನ ಹವೆಯಲ್ಲಿ ಬೈಕಿನ ಬ್ರೇಕ್ ಭಾಗಗಳಿಗೆ ಮನೆಯಲ್ಲೇ ಬಣ್ಣ ಹಚ್ಚುವ ಕ್ರಮ

ಕೊಡಗಿನಲ್ಲಿ ನಾಲ್ಕೈದು ಮಳೆಗಾಲ ಕಂಡ ಬೈಕನ್ನು ಗಮನಿಸಿದರೆ, ಪೆಟ್ರೋಲ್ ಟ್ಯಾಂಕಿನ ಬಣ್ಣ ಇನ್ನೂ ಹೊಳೆಯುತ್ತಿರುವಾಗಲೇ ಮುಂಚಕ್ರದ ಬ್ರೇಕ್ ಕ್ಯಾಲಿಪರಿನ (ಪಿಸ್ಟನ್ ಮೂಲಕ ಪ್ಯಾಡುಗಳನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಭಾಗದ) ಬಣ್ಣ ಚಕ್ಕೆಯೆದ್ದು, ಅದರಡಿಯ ಅಲ್ಯೂಮಿನಿಯಂ ಮೇಲೆ ಬಿಳಿಯ ಪುಡಿ ಕಟ್ಟಿಕೊಂಡಿರುವುದು ಕಾಣುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಲು ಬಿಡುವೇ ಕೊಡದ ತೇವ, ತೋಟದ ರಸ್ತೆಯ ಕೆಂಪು ಕೆಸರು ಮತ್ತು ಆ ಕೆಸರನ್ನು ತೆಗೆಯಲು ನಾವು ಬಳಸುವ ಗಡುಸಾದ ಬ್ರಷ್ ಇದಕ್ಕೆ ಸಾಮಾನ್ಯ ಕಾರಣಗಳು. ತೋಟವಿರುವ ಮನೆಗಳಲ್ಲಿ ಇನ್ನೊಂದು ಕಾರಣವೂ ಇದೆ. ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಕ್ಯಾನಿನಲ್ಲಿ ತುಂಬಿ ಬೈಕಿನ ಮೇಲೆ ಸಾಗಿಸುವಾಗ ತುಳುಕಿದ ಹನಿಗಳಲ್ಲಿರುವ ತಾಮ್ರದ ಲವಣವು, ಬಣ್ಣ ಹೋದ ಜಾಗದಲ್ಲಿ ಅಲ್ಯೂಮಿನಿಯಂಅನ್ನು ನಿಧಾನವಾಗಿ ತಿನ್ನುತ್ತದೆ. ಸುಣ್ಣದ ಕ್ಷಾರವೂ ಆ ಲೋಹಕ್ಕೆ ಹಿತವಲ್ಲ.

ಈ ಭಾಗಗಳಿಗೆ ಮನೆಯಲ್ಲೇ ಬಣ್ಣ ಹಚ್ಚಬಹುದು, ಅದಕ್ಕೆ ವಿಶೇಷ ಯಂತ್ರಗಳೇನೂ ಬೇಕಾಗಿಲ್ಲ. ಆದರೆ ಬಣ್ಣ ಎಲ್ಲಿ ಬೀಳಬಾರದು ಎಂಬುದು ಎಲ್ಲಿ ಬೀಳಬೇಕು ಎಂಬುದಕ್ಕಿಂತ ಹೆಚ್ಚು ಮುಖ್ಯವಾದ ಕೆಲಸವಿದು. ಪಿಸ್ಟನ್ ಸುತ್ತ ಒದ್ದೆಯಾಗಿದ್ದರೆ, ಲಿವರ್ ಒತ್ತಿದಾಗ ಮೆತ್ತಗೆ ಒಳಗೆ ಹೋಗುತ್ತಿದ್ದರೆ ಅಥವಾ ಬ್ರೇಕ್ ಬಿಟ್ಟ ಮೇಲೂ ಚಕ್ರ ಬಿಗಿಯಾಗಿ ತಿರುಗುತ್ತಿದ್ದರೆ, ಬಣ್ಣದ ಯೋಚನೆಯನ್ನು ಬದಿಗಿಟ್ಟು ಮೊದಲು ಮೆಕ್ಯಾನಿಕ್‌ನಿಂದ ಅದನ್ನು ಸರಿಪಡಿಸಿಕೊಳ್ಳಬೇಕು. ಸೋರುವ ಕ್ಯಾಲಿಪರಿನ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ, ಏಕೆಂದರೆ ಮೆಕ್ಯಾನಿಕ್‌ಗಳು ಬ್ರೇಕ್ ಆಯಿಲ್ ಎಂದು ಕರೆಯುವ ಡಾಟ್ 3 ಅಥವಾ ಡಾಟ್ 4 ದ್ರವವೇ ಒಳ್ಳೆಯ ಬಣ್ಣ ಕೀಳುವ ದ್ರಾವಕವಾಗಿದೆ.

ಕಾಲದ ಆಯ್ಕೆ ಇಲ್ಲಿ ಅರ್ಧ ಕೆಲಸ. ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಒಣ ದಿನಗಳು ಎಲ್ಲಕ್ಕಿಂತ ಅನುಕೂಲ; ಕಾಫಿ ಹೂ ಅರಳಿಸುವ ಹೂಮಳೆ ಶುರುವಾಯಿತೆಂದರೆ ಸಂಜೆಯ ಹವೆಯನ್ನು ನಂಬುವಂತಿಲ್ಲ. ಆ ತಿಂಗಳುಗಳಲ್ಲಿಯೂ ಮಡಿಕೇರಿ, ಭಾಗಮಂಡಲದಂಥ ಕಡೆ ಬೆಳಗಿನ ಮಂಜು ಕರಗಿ ಲೋಹದ ಮೇಲಿನ ಇಬ್ಬನಿ ಆರುವವರೆಗೆ ಕಾಯಬೇಕು, ಕುಶಾಲನಗರದ ಬಯಲಿನಲ್ಲಿ ಅಷ್ಟು ಕಾಯಬೇಕಾಗಿಲ್ಲ. ಸ್ಪ್ರೇ ಮಾಡಿದ ಬಣ್ಣದಲ್ಲಿರುವ ಥಿನ್ನರ್ ಆವಿಯಾಗುವಾಗ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದು ಆ ತಣ್ಣನೆಯ ಪದರದ ಮೇಲೆ ಕೂತು, ಒಣಗಿದ ಬಣ್ಣದಲ್ಲಿ ಬಿಳಿಯ ಮಸುಕಾಗಿ ಉಳಿದುಬಿಡುತ್ತದೆ. ಲೋಹದ ತಾಪಮಾನವು ಇಬ್ಬನಿ ಕಟ್ಟುವ ತಾಪಮಾನಕ್ಕಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕೆಂಬುದು ಬಣ್ಣದ ಉದ್ಯಮದ ಹಳೆಯ ನಿಯಮ. ಮನೆಯಲ್ಲಿ ಇದನ್ನು ಅಳೆಯಲಾಗದಿದ್ದರೆ, ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರ ನಡುವಿನ ಬಿಸಿಲಿನಲ್ಲಿ ಭಾಗವನ್ನು ಬೆಚ್ಚಗಾಗಿಸಿ, ನೆರಳಿನಲ್ಲಿ ಬಣ್ಣ ಹೊಡೆಯುವುದು ಸಾಕಾಗುತ್ತದೆ.

ಜಾಗದ ಬಗ್ಗೆಯೂ ಒಂದು ಮಾತು. ಇದೇ ತಿಂಗಳುಗಳಲ್ಲಿ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುವುದರಿಂದ ಥಿನ್ನರ್ ಮತ್ತು ಸ್ಪ್ರೇ ಕೆಲಸವನ್ನು ಕಣದಿಂದಲೂ ಕಾಫಿ ಮೂಟೆಗಳಿರುವ ಕೋಣೆಯಿಂದಲೂ ದೂರವಿಡಬೇಕು. ಕಣದ ಧೂಳು ಹಸಿ ಬಣ್ಣಕ್ಕೆ ಅಂಟುವುದು ಬೇರೆ ಮಾತು.

ಬೇಕಾಗುವ ಸಾಮಗ್ರಿಗಳು ಹೆಚ್ಚಿಲ್ಲ: ಬ್ರೇಕ್ ಕ್ಯಾಲಿಪರಿಗೆಂದೇ ಮಾಡಿದ, ಶಾಖ ತಡೆಯುವ ಬಣ್ಣದ ಸ್ಪ್ರೇ ಡಬ್ಬಿ, ಬರಿಯ ಅಲ್ಯೂಮಿನಿಯಂಗೆ ಹೊಂದುವ ಎಚ್ (etch) ಪ್ರೈಮರ್ ಅಂದರೆ ಲೋಹವನ್ನು ತುಸು ಕೊರೆದು ಹಿಡಿದುಕೊಳ್ಳುವ ಅಡಿಬಣ್ಣ, 220 ಮತ್ತು 400 ನಂಬರಿನ ಎಮರಿ ಕಾಗದ, ಹಿತ್ತಾಳೆಯ ಸಣ್ಣ ವೈರ್ ಬ್ರಷ್, ಬ್ರೇಕ್ ಕ್ಲೀನರ್, ಐಸೋಪ್ರೊಪೈಲ್ ಆಲ್ಕೋಹಾಲ್, ಮಾಸ್ಕಿಂಗ್ ಟೇಪ್, ನೈಟ್ರೈಲ್ ಕೈಗವಸು. ಗೇಟಿಗೆ ಹೊಡೆದು ಉಳಿದ ಎನಾಮಲ್ ಇದಕ್ಕೆ ಆಗದು. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಅಥವಾ ಪೆರುಂಬಾಡಿಯಿಂದ ಮಾಕುಟ್ಟದ ಕಡೆಗೆ ಇಳಿಯುವಾಗ ಬ್ರೇಕ್ ಬಿಡದೆ ಹಿಡಿದರೆ ಕ್ಯಾಲಿಪರ್ ಕೈ ಮುಟ್ಟಲಾಗದಷ್ಟು ಕಾಯುತ್ತದೆ, ಮತ್ತು ಸಾಮಾನ್ಯ ಬಣ್ಣ ಆ ಬಿಸಿಗೆ ಮೆತ್ತಗಾಗಿ ಕಂದು ತಿರುಗುತ್ತದೆ. ಗಟ್ಟಿಕಾರಕ ಬೆರೆಸುವ ಎರಡು ಭಾಗದ ಬಣ್ಣಗಳು ಹೆಚ್ಚು ಬಾಳುತ್ತವೆ ನಿಜ, ಆದರೆ ಅವುಗಳಲ್ಲಿ ಹಲವು ಬಣ್ಣಗಳು ಹೊರಬಿಡುವ ಐಸೋಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಕಾರಣ ಮನೆಯ ಕೆಲಸಕ್ಕೆ ನಾನು ಅವನ್ನು ಸೂಚಿಸುವುದಿಲ್ಲ. ಒಂದೇ ಡಬ್ಬಿಯ ಬಣ್ಣಕ್ಕೂ ಬಟ್ಟೆಯ ಮಾಸ್ಕ್ ಸಾಲದು, ರಾಸಾಯನಿಕ ಆವಿಯನ್ನು ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು.

ಕ್ಯಾಲಿಪರನ್ನು ಪೂರ್ತಿ ಬಿಚ್ಚಬೇಕೇ, ಬ್ರೇಕ್ ಹೋಸ್ ಜೋಡಿಸಿಯೇ ಇರಲಿ ಎಂದು ಬಿಡಬೇಕೇ ಎಂಬ ಪ್ರಶ್ನೆಯಲ್ಲಿ ನನ್ನ ಒಲವು ಎರಡನೆಯದರ ಕಡೆಗೆ. ಹೋಸ್ ಬಿಚ್ಚಿದರೆ ಅದನ್ನು ಕ್ಯಾಲಿಪರಿಗೆ ಸೇರಿಸುವ ಬ್ಯಾಂಜೋ ಬೋಲ್ಟಿನ ಎರಡೂ ವಾಷರ್‌ಗಳನ್ನು ಹೊಸದಾಗಿ ಹಾಕಿ, ಹೊಸ ಆಯಿಲ್ ತುಂಬಿ, ಗಾಳಿಯ ಗುಳ್ಳೆಗಳೆಲ್ಲ ಹೋಗುವವರೆಗೆ ಬ್ಲೀಡ್ ಮಾಡಬೇಕಾಗುತ್ತದೆ. 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕುಗಳಿಗೂ 2019ರ ಏಪ್ರಿಲ್‌ನಿಂದ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಗಿದ್ದು, ಅಂಥ ಬೈಕುಗಳಲ್ಲಿ ಗಾಳಿ ಎಬಿಎಸ್ ಘಟಕದೊಳಗೆ ಸೇರಿಕೊಂಡರೆ ಅದನ್ನು ಮನೆಯಲ್ಲಿ ಹೊರತೆಗೆಯುವುದು ಕಷ್ಟ. ಹೋಸ್ ಇದ್ದಂತೆಯೇ ಕ್ಯಾಲಿಪರನ್ನು ಫೋರ್ಕಿನಿಂದ ಬಿಡಿಸಿ, ತೂಕ ಹೋಸಿನ ಮೇಲೆ ಬೀಳದಂತೆ ತಂತಿಯಿಂದ ತೂಗುಹಾಕಿದರೆ ಸಾಕು.

ಬೈಕನ್ನು ಸ್ಟ್ಯಾಂಡಿನ ಮೇಲೆ ಅಲುಗಾಡದಂತೆ ನಿಲ್ಲಿಸಿದ ಮೇಲೆ ಕ್ಯಾಲಿಪರಿನ ಎರಡು ಮೌಂಟಿಂಗ್ ಬೋಲ್ಟುಗಳನ್ನು ತೆಗೆದು, ಎಬಿಎಸ್ ಸೆನ್ಸರಿನ ತಂತಿ ಎಳೆಯಲ್ಪಡದಂತೆ ನೋಡಿಕೊಂಡು, ಕ್ಯಾಲಿಪರನ್ನು ಡಿಸ್ಕಿನಿಂದ ಹೊರಗೆ ಜಾರಿಸಬೇಕು. ಪ್ಯಾಡುಗಳನ್ನು ತೆಗೆದು, ಒಳಗಿನದು ಯಾವುದು ಹೊರಗಿನದು ಯಾವುದು ಎಂದು ಹಿಂಬದಿಯಲ್ಲಿ ಗುರುತು ಮಾಡಿ, ಎಣ್ಣೆ ತಾಗದ ಕಾಗದದಲ್ಲಿ ಸುತ್ತಿಡಬೇಕು. ಪ್ಯಾಡ್ ಇಲ್ಲದಿರುವಾಗ ಯಾರಾದರೂ ಲಿವರ್ ಒತ್ತಿದರೆ ಪಿಸ್ಟನ್ ಹೊರಗೆ ಬಂದುಬಿಡುತ್ತದೆ. ಮನೆಯಲ್ಲಿ ಮಕ್ಕಳಿದ್ದರಂತೂ ಕ್ಯಾಲಿಪರಿನ ಬಾಯಿಯಲ್ಲಿ ಮರದ ತುಂಡೊಂದನ್ನು ಸಿಕ್ಕಿಸಿಡುವುದು ಲೇಸು.

ತೊಳೆಯುವಾಗ ನಮ್ಮಲ್ಲಿ ಕೈಗೆ ಮೊದಲು ಬರುವುದು ಪೆಟ್ರೋಲ್ ಅಥವಾ ಸೀಮೆಎಣ್ಣೆ. ಬ್ರೇಕಿನ ರಬ್ಬರ್ ಸೀಲುಗಳು ಡಾಟ್ ದ್ರವಕ್ಕೆ ಹೊಂದುವಂಥವು. ಪೆಟ್ರೋಲ್, ಸೀಮೆಎಣ್ಣೆ, ಎಂಜಿನ್ ಆಯಿಲ್ ತಾಗಿದರೆ ಊದಿಕೊಂಡು ಪಿಸ್ಟನನ್ನು ಹಿಡಿದುಬಿಡುತ್ತವೆ, ಆದ್ದರಿಂದ ಅವುಗಳನ್ನು ಈ ಕೆಲಸದ ಹತ್ತಿರವೂ ತರಬಾರದು. ಮೊದಲು ಸೋಪಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್, ಆಮೇಲೆ ಬ್ರೇಕ್ ಕ್ಲೀನರ್, ಇಷ್ಟೇ ಸಾಕು. ಬ್ರೇಕಿನ ಕಪ್ಪು ಧೂಳನ್ನು ಬಾಯಿಯಿಂದಾಗಲಿ ಗಾಳಿಯ ಪೈಪಿನಿಂದಾಗಲಿ ಊದದೆ ಒದ್ದೆ ಮಾಡಿಯೇ ತೆಗೆಯಬೇಕು, ವಿಶೇಷವಾಗಿ ಡ್ರಮ್ ಬ್ರೇಕಿನ ಹಳೆಯ ಬೈಕುಗಳಲ್ಲಿ, ಏಕೆಂದರೆ ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ.

ಎದ್ದಿರುವ ಬಣ್ಣವನ್ನೂ ಬಿಳಿ ಪುಡಿಯನ್ನೂ ವೈರ್ ಬ್ರಷ್‌ನಿಂದ ತೆಗೆದು, 220 ನಂಬರಿನ ಕಾಗದದಿಂದ ಉಜ್ಜಿ, ಗಟ್ಟಿಯಾಗಿ ಕೂತಿರುವ ಹಳೆಯ ಬಣ್ಣದ ಅಂಚನ್ನು 400 ನಂಬರಿನಿಂದ ಇಳಿಜಾರಾಗಿಸಬೇಕು. ಹಳೆಯ ಬಣ್ಣವನ್ನು ಪೂರ್ತಿ ಕೀಳಬೇಕಾಗಿಲ್ಲ. ಉಗುರಿನಿಂದ ಕೆರೆದರೂ ಏಳದ ಭಾಗ ಪ್ರೈಮರ್‌ಗಿಂತ ಒಳ್ಳೆಯ ಅಡಿಪಾಯ. ಬಿಳಿ ಪುಡಿ ಮಾತ್ರ ಸಣ್ಣ ಗುಂಡಿಯೊಳಗೂ ಉಳಿಯಬಾರದು, ಉಳಿದರೆ ಮುಂದಿನ ಮಳೆಗಾಲದಲ್ಲಿ ಅಲ್ಲಿಂದಲೇ ಬಣ್ಣ ಉಬ್ಬುತ್ತದೆ.

ಈಗ ಟೇಪ್ ಹಚ್ಚುವ ಕೆಲಸ. ಪಿಸ್ಟನ್ ಮತ್ತು ಅದರ ಸುತ್ತಲಿನ ರಬ್ಬರ್, ಬ್ಲೀಡ್ ಮಾಡುವಾಗ ಗಾಳಿ ಹೊರಬಿಡುವ ಬ್ಲೀಡರ್ ನಿಪ್ಪಲ್, ಹೋಸ್ ಕೂರುವ ಜಾಗ, ಬೋಲ್ಟಿನ ತಲೆ ಕೂರುವ ಸಮತಟ್ಟು, ಫೋರ್ಕಿಗೆ ತಾಗುವ ಮೇಲ್ಮೈ, ಕ್ಯಾಲಿಪರ್ ಅತ್ತಿತ್ತ ಜಾರುವ ಸ್ಲೈಡ್ ಪಿನ್‌ಗಳು ಹಾಗೂ ಅವುಗಳ ರಬ್ಬರ್ ಬೂಟುಗಳು, ಇವೆಲ್ಲ ಪೂರ್ತಿ ಮುಚ್ಚಿರಬೇಕು. ಬೋಲ್ಟಿನಡಿಯ ಬಣ್ಣ ಬಿಸಿಗೆ ಮೆತ್ತಗಾಗಿ ಹಿಂಡಿಹೋದರೆ ಬೋಲ್ಟಿನ ಬಿಗಿತ ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ಜನ ಮರೆಯುವುದು ಬ್ರಾಕೆಟಿನಲ್ಲಿ ಪ್ಯಾಡಿನ ಕಿವಿಗಳು ಜಾರುವ ಜಾಗವನ್ನು. ಲಿವರ್ ಬಿಟ್ಟಾಗ ಪಿಸ್ಟನನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಯಾವುದೂ ಕ್ಯಾಲಿಪರಿನಲ್ಲಿಲ್ಲ. ಒತ್ತಡದಲ್ಲಿ ಓರೆಯಾಗಿದ್ದ ರಬ್ಬರ್ ಸೀಲ್ ತನ್ನ ಮೊದಲಿನ ಆಕಾರಕ್ಕೆ ಮರಳುವಾಗ ಪಿಸ್ಟನನ್ನು ಒಂದು ಮಿಲಿಮೀಟರಿನ ಸಣ್ಣ ಅಂಶದಷ್ಟು ಮಾತ್ರ ಹಿಂದೆ ತರುತ್ತದೆ. ಅಷ್ಟು ಕಡಿಮೆ ಜಾಗದಲ್ಲಿ ನಡೆಯುವ ಚಲನೆಗೆ ಎರಡು ಕೋಟ್ ಬಣ್ಣವೇ ದೊಡ್ಡ ಅಡ್ಡಿ: ಪ್ಯಾಡ್ ಸಿಕ್ಕಿಕೊಂಡು ಡಿಸ್ಕನ್ನು ಉಜ್ಜುತ್ತಲೇ ಇರುತ್ತದೆ, ಆಯಿಲ್ ಕಾಯುತ್ತದೆ, ಘಾಟಿಯ ಅರ್ಧದಲ್ಲಿ ಲಿವರ್ ಮೆತ್ತಗಾಗುತ್ತದೆ.

ಡಿಸ್ಕಿನ ಉಜ್ಜುವ ಮೇಲ್ಮೈಗೆ ಬಣ್ಣ ಹಚ್ಚುವಂತಿಲ್ಲ ಎಂದು ಹೇಳಬೇಕಾಗಿಯೇ ಇಲ್ಲ. ಅದರ ನಡುವಿನ ಕರಿಯ ಭಾಗಕ್ಕೆ ಹಚ್ಚುವುದಾದರೂ ಡಿಸ್ಕಿನ ಕನಿಷ್ಠ ದಪ್ಪವನ್ನು ಕೊರೆದಿರುವ ಅಕ್ಷರಗಳು ಮುಚ್ಚದಂತೆ ನೋಡಿಕೊಳ್ಳಬೇಕು. ಬಣ್ಣ ಹೊಡೆಯುವ ಮುನ್ನ ಡಿಸ್ಕ್, ಟೈರ್, ಫೋರ್ಕ್ ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಸಬೇಕು; ಸ್ಪ್ರೇಯ ಮಂಜು ನಾವು ಎಣಿಸಿದ್ದಕ್ಕಿಂತ ದೂರ ಹೋಗುತ್ತದೆ.

ಟೇಪ್ ಹಚ್ಚಿದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಮತ್ತೆ ಬರಿಗೈಯಲ್ಲಿ ಮುಟ್ಟಬಾರದು. ಡಬ್ಬಿಯನ್ನು ಒಂದೆರಡು ನಿಮಿಷ ಚೆನ್ನಾಗಿ ಅಲುಗಾಡಿಸಿ, ಬರಿಯ ಲೋಹ ಕಾಣುವಲ್ಲಿ ಎಚ್ ಪ್ರೈಮರನ್ನು ತೆಳುವಾಗಿ ಹೊಡೆಯಬೇಕು. ಕೆಲವು ಕ್ಯಾಲಿಪರ್ ಬಣ್ಣಗಳಿಗೆ ಪ್ರೈಮರ್ ಬೇಡವೆಂದೇ ಡಬ್ಬಿಯ ಮೇಲೆ ಬರೆದಿರುತ್ತದೆ, ಅಲ್ಲಿ ಡಬ್ಬಿಯ ಮಾತೇ ಕೊನೆಯದು. ಬಣ್ಣವನ್ನು 20ರಿಂದ 25 ಸೆಂಟಿಮೀಟರ್ ದೂರದಿಂದ, ಕೈಯನ್ನು ಒಂದೇ ವೇಗದಲ್ಲಿ ಸರಿಸುತ್ತಾ, ಮೂರು ತೆಳು ಕೋಟುಗಳಾಗಿ ಹೊಡೆಯಬೇಕು. ಮೊದಲ ಕೋಟಿನಲ್ಲಿ ಅಡಿಯ ಬಣ್ಣ ಕಾಣುತ್ತಿದ್ದರೆ ಅದು ಸರಿಯಾಗಿಯೇ ಇದೆ. ಕೋಟುಗಳ ನಡುವೆ ಸುಮಾರು ಹತ್ತು ನಿಮಿಷ ಬಿಡುವುದು ಸಾಮಾನ್ಯ, ನಮ್ಮ ತೇವದಲ್ಲಿ ಹದಿನೈದಾದರೂ ನಷ್ಟವಿಲ್ಲ. ಆದರೆ ಹಲವು ಬಣ್ಣಗಳಲ್ಲಿ ಮೊದಲ ಗಂಟೆಯೊಳಗೆ ಎಲ್ಲ ಕೋಟುಗಳನ್ನು ಮುಗಿಸಬೇಕು, ಇಲ್ಲವೇ ಪೂರ್ತಿ ಗಟ್ಟಿಯಾಗುವವರೆಗೆ ಕಾಯಬೇಕು ಎಂಬ ಸೂಚನೆ ಇರುತ್ತದೆ. ನಡುವೆ ಹೊಡೆದರೆ ಬಣ್ಣ ಸುಕ್ಕುಗಟ್ಟುತ್ತದೆ.

ಬಣ್ಣ ಯಾವುದಿರಬೇಕೆಂಬುದು ಅವರವರ ಇಷ್ಟ. ಕೆಂಪು ಬಣ್ಣಕ್ಕೆ ಬೇಡಿಕೆ ಹೆಚ್ಚು, ಕರಿ ಬಣ್ಣದಲ್ಲಿ ಕೆಸರಿನ ಕಲೆ ಅಷ್ಟಾಗಿ ಎದ್ದು ಕಾಣದು. ನನಗೆ ಮಾತ್ರ ತಿಳಿ ಬೂದು ಬಣ್ಣ ಒಳ್ಳೆಯದೆನಿಸುತ್ತದೆ, ಏಕೆಂದರೆ ಸೀಲ್ ಸೋರತೊಡಗಿದರೆ ಅದರ ಮೇಲಿನ ಒದ್ದೆ ಗೆರೆ ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ.

ಬೇಗ ಒಣಗಲೆಂದು ಒಲೆಯ ಬಳಿ ಇಡುವುದು ಅಪಾಯ. ಡಬ್ಬಿಯ ಅನಿಲವೂ ಥಿನ್ನರಿನ ಆವಿಯೂ ಬೆಂಕಿ ಹಿಡಿಯುವಂಥವು, ಮತ್ತು ಆ ಆವಿ ನೆಲದ ಮಟ್ಟದಲ್ಲಿ ಹರಿದು ಉರಿಯುವ ಒಲೆಯನ್ನು ತಲುಪಬಲ್ಲದು. ಓವನ್ನಿನಲ್ಲಿ ಬೇಯಿಸುವ ಪೌಡರ್ ಕೋಟಿಂಗ್‌ಗೆ ಸುಮಾರು 200 ಡಿಗ್ರಿ ಶಾಖ ಬೇಕಾಗುವುದರಿಂದ ಸೀಲುಗಳಿರುವ ಕ್ಯಾಲಿಪರನ್ನು ಅದಕ್ಕೆ ಕೊಡುವಂತಿಲ್ಲ. ಬಣ್ಣ ಮುಟ್ಟಿದರೆ ಅಂಟದಂತಾದ ಮೇಲೆಯೇ ಟೇಪನ್ನು ನಿಧಾನವಾಗಿ ಕಿತ್ತು, ಗಾಳಿಯಾಡುವ ಒಣ ಜಾಗದಲ್ಲಿ ಕನಿಷ್ಠ ಒಂದು ಪೂರ್ಣ ದಿನ, ಮೋಡವಿದ್ದರೆ ಎರಡು ದಿನ, ಹಾಗೆಯೇ ಬಿಡಬೇಕು.

ಜೋಡಿಸುವಾಗ ಸ್ಲೈಡ್ ಪಿನ್‌ಗಳ ಹಳೆಯ ಗ್ರೀಸನ್ನು ಒರೆಸಿ, ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಬೇಕು. ಬೇರಿಂಗಿನ ಗ್ರೀಸ್ ಇಲ್ಲಿ ಬೇಡ. ಪಿಸ್ಟನನ್ನು ಒರೆಸಿ ಮೆಲ್ಲಗೆ ಒಳಕ್ಕೆ ಒತ್ತುವಾಗ ಹ್ಯಾಂಡಲಿನ ಮೇಲಿರುವ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಆಯಿಲ್ ಏರುವುದರಿಂದ ಅದು ತುಳುಕದಂತೆ ಗಮನವಿರಲಿ. ಮೌಂಟಿಂಗ್ ಬೋಲ್ಟುಗಳನ್ನು ಆಯಾ ಬೈಕಿನ ಸರ್ವಿಸ್ ಮ್ಯಾನುಯಲ್ ಹೇಳುವ ಅಳತೆಗೆ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಡಿಸ್ಕನ್ನು ಆಲ್ಕೋಹಾಲಿನಿಂದ ಒರೆಸಿ, ಲಿವರ್ ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಬೇಕು. ಇದನ್ನು ಮರೆತು ಬೈಕ್ ಹೊರಡಿಸಿದರೆ ಮೊದಲ ಒತ್ತಿಗೆ ಬ್ರೇಕೇ ಹಿಡಿಯುವುದಿಲ್ಲ. ಚಕ್ರವನ್ನು ಕೈಯಿಂದ ತಿರುಗಿಸಿ ಸಲೀಸಾಗಿ ತಿರುಗುವುದನ್ನು ಖಚಿತಪಡಿಸಿಕೊಂಡ ನಂತರ ಅಂಗಳದಲ್ಲೇ ನಡಿಗೆಯ ವೇಗದಲ್ಲಿ ನಾಲ್ಕಾರು ಸಲ ನಿಲ್ಲಿಸಿ ನೋಡಬೇಕು. ಮೊದಲ ಒಂದು ವಾರ ಘಾಟಿ ಇಳಿಯುವುದನ್ನು ತಪ್ಪಿಸಿದರೆ ಬಣ್ಣ ಪೂರ್ತಿ ಗಟ್ಟಿಯಾಗಲು ಸಮಯ ಸಿಗುತ್ತದೆ.

ಡ್ರಮ್ ಬ್ರೇಕಿನಲ್ಲಿ ಕೆಲಸ ಸುಲಭ. ಹಬ್‌ನ ಹೊರಮೈ ಮತ್ತು ಬ್ರೇಕ್ ಪ್ಲೇಟಿನ ಹೊರಭಾಗಕ್ಕೆ ಮಾತ್ರ ಬಣ್ಣ. ಡ್ರಮ್ಮಿನ ಒಳಮೈ, ಶೂ, ಕ್ಯಾಮ್ ತಿರುಗುವ ರಂಧ್ರ ಹಾಗೂ ಲೈನರ್ ಸವೆತ ತೋರಿಸುವ ಬಾಣದ ಗುರುತಿಗೆ ಬಣ್ಣ ತಾಗಬಾರದು. ಬ್ರೇಕ್ ಪೆಡಲ್ ಉಕ್ಕಿನದಾದ ಕಾರಣ ತುಕ್ಕು ತೆಗೆದು ಜಿಂಕ್ ಫಾಸ್ಫೇಟ್ ಪ್ರೈಮರ್ ಹಚ್ಚಿದರೆ ಸಾಮಾನ್ಯ ಬಣ್ಣವೂ ನಡೆಯುತ್ತದೆ; ಕಾಲಿಡುವ ಜಾಗವನ್ನು ಮಾತ್ರ ನುಣುಪಾಗಿಸಬಾರದು, ಒದ್ದೆ ಬೂಟು ಜಾರುತ್ತದೆ.

ಹೊಸ ಬಣ್ಣವನ್ನು ಉಳಿಸಿಕೊಳ್ಳುವುದು ತೊಳೆಯುವ ಕ್ರಮದ ಮೇಲೆ ನಿಂತಿದೆ. ಬೋರ್ಡೋ ಸಿಂಪಡಣೆಯ ದಿನ ಬೈಕನ್ನು ತೋಟದಿಂದ ತಂದ ಕೂಡಲೇ ಬರಿಯ ನೀರಿನಿಂದ ತೊಳೆಯಬೇಕು, ಕೆಸರನ್ನು ಒಣಗಲು ಬಿಟ್ಟು ಕೆರೆಯುವ ಬದಲು ನೆನೆಸಿ ಇಳಿಸಬೇಕು. ಮುಂದೆಂದಾದರೂ ಬ್ಲೀಡ್ ಮಾಡಿಸುವಾಗ ಆಯಿಲ್ ಹನಿಸಿದರೆ, ಒಣಬಟ್ಟೆಯಿಂದ ಉಜ್ಜದೆ ತಕ್ಷಣ ಧಾರಾಳವಾಗಿ ನೀರು ಹೊಯ್ಯಬೇಕು. ಡಾಟ್ 3 ಮತ್ತು ಡಾಟ್ 4 ಎರಡೂ ನೀರಿನಲ್ಲಿ ಕರಗುವುದರಿಂದ ಬಣ್ಣವನ್ನು ತಿನ್ನುವ ಮುನ್ನವೇ ಹರಿದುಹೋಗುತ್ತವೆ. ನೀರು ಹೊಯ್ಯುವಾಗ ಮೇಲಿನ ಆಯಿಲ್ ಡಬ್ಬಿಯ ಮುಚ್ಚಳ ಹಾಕಿರಬೇಕು.