ಲೆಯೋನ್‌ನಲ್ಲಿ ಮೂಡು-ಪಡು

ನಿಕರಾಗುವಾದ ಲೆಯೋನ್ ಪಟ್ಟಣಕ್ಕೆ ಹೋದದ್ದು ಮೂರು ವಾರ ಕೂತು ಸ್ಪ್ಯಾನಿಷ್ ಕಲಿಯೋಣ ಅಂತ. ನವೆಂಬರ್ ಮುಗಿಯುತ್ತಿತ್ತು, ಮಳೆಗಾಲ ಆಗಷ್ಟೇ ಹಿಂದೆ ಸರಿದಿತ್ತು. ಮೊದಲ ದಿನವೇ ಸೂಟ್‌ಕೇಸ್ ಎಳೆದುಕೊಂಡು ಬೀದಿಯಲ್ಲಿ ಬೆಪ್ಪಾಗಿ ನಿಂತೆ. ಕೈಯಲ್ಲಿದ್ದ ಚೀಟಿಯಲ್ಲಿ ಮನೆ ನಂಬರಿಲ್ಲ, ಬೀದಿಯ ಹೆಸರಿಲ್ಲ. ‘ರೆಕೊಲೆಕ್ಸಿಯೋನ್ ಇಗರ್ಜಿಯಿಂದ ಎರಡು ಕ್ವಾದ್ರಾ ಮೇಲೆ, ಅರ್ಧ ಕ್ವಾದ್ರಾ ಉತ್ತರಕ್ಕೆ’ ಅಂತ ಇತ್ತು, ಅಷ್ಟೇ. ಕ್ವಾದ್ರಾ ಅಂದರೆ ಒಂದು ಅಡ್ಡರಸ್ತೆಯಿಂದ ಇನ್ನೊಂದರವರೆಗಿನ ದೂರ. ಅದು ಸರಿ, ಆದರೆ ದೋಸೆಕಾವಲಿಯಂತೆ ಚಪ್ಪಟೆಯಾಗಿರುವ ಊರಲ್ಲಿ ‘ಮೇಲೆ’ ಎಂದರೆ ಎಲ್ಲಿ?

ಪಪ್ಪಾಯಿ ಹೆಚ್ಚಿ ಮಾರುತ್ತಿದ್ದ ಹೆಂಗಸೊಬ್ಬರು ಚಾಕು ಹಿಡಿದ ಕೈಯನ್ನೇ ಎತ್ತಿ ಸೂರ್ಯ ಹುಟ್ಟುವ ದಿಕ್ಕು ತೋರಿಸಿದರು. ಅದು ‘ಅರ್ರೀಬಾ’, ಮೇಲೆ. ಮುಳುಗುವ ಕಡೆ ‘ಅಬಾಹೊ’, ಕೆಳಗೆ. ನಾನು ಉಡುಪಿ ಕಡೆಯವನು. ಸೂರ್ಯ ಮೂಡುವುದು ಮೂಡು, ಪಡುವುದು ಪಡು. ಮೂಡುಬಿದಿರೆ, ಪಡುಬಿದ್ರಿ ಎಂದು ಊರಿಗೇ ಹೆಸರಿಟ್ಟವರು ನಾವು. ಆಮೇಲೆ ದಾರಿ ತಪ್ಪಲಿಲ್ಲ, ಮೋಡ ಕವಿದ ಒಂದು ಮಧ್ಯಾಹ್ನ ಬಿಟ್ಟರೆ.

ಈ ಊರು 1852ರವರೆಗೆ ಒಂದಲ್ಲ ಒಂದು ರೀತಿ ರಾಜಧಾನಿಯ ಪಟ್ಟಕ್ಕೆ ಗ್ರಾನಾದಾದೊಂದಿಗೆ ಜಗಳ ಆಡುತ್ತಲೇ ಇತ್ತು. ಇಬ್ಬರಿಗೂ ಬೇಡ ಅಂತ ಕೊನೆಗೆ ನಡುವಿನ ಮನಾಗುವಾಕ್ಕೆ ಕೊಟ್ಟರು. ರಾಜಧಾನಿ ಹೋದರೂ 1812ರಲ್ಲಿ ಶುರುವಾದ ವಿಶ್ವವಿದ್ಯಾಲಯ ಉಳಿಯಿತು. ಊರಿನ ನಾಡಿ ಇರುವುದು ಅದರಲ್ಲೇ. ಬೆಳಿಗ್ಗೆ ಏಳಕ್ಕೆ ಬಿಳಿ ಕೋಟಿನ ವೈದ್ಯಕೀಯ ವಿದ್ಯಾರ್ಥಿಗಳು, ಜೆರಾಕ್ಸ್ ಅಂಗಡಿ ಮುಂದೆ ಸಾಲು, ಪ್ಲಾಸ್ಟಿಕ್ ಚೀಲದಲ್ಲಿ ಸ್ಟ್ರಾ ಹಾಕಿ ಹಣ್ಣಿನ ರಸ ಹೀರುವ ಹುಡುಗರು. ಮಾತು ಮಾತಿಗೂ ಒಬ್ಬರನ್ನೊಬ್ಬರು ‘ಮಾಹೆ’ ಅನ್ನುತ್ತಾರೆ. ಅರ್ಥ ಹುಡುಕಿದರೆ ಪೆದ್ದ ಅಂತ. ಬಳಕೆ ನೋಡಿದರೆ ಥೇಟ್ ನಮ್ಮ ‘ಮಾರಾಯ’.

ನನ್ನ ಮೊದಲ ತಪ್ಪು ಮಧ್ಯಾಹ್ನ ತಿರುಗಾಡಿದ್ದು. ಹನ್ನೊಂದರಿಂದ ಮೂರರವರೆಗೆ ಇಲ್ಲಿ ಬಿಸಿಲು ಹೊಡೆಯುತ್ತದೆ, ಅಕ್ಷರಶಃ. ಊರವರು ಆಗ ಬೀದಿ ಬದಿಯ ನೆರಳಿನ ಪಟ್ಟಿಯಲ್ಲೇ ನಡೆಯುತ್ತಾರೆ, ಎದುರು ಬಂದವರಿಗೆ ಆ ಒಂದಡಿ ನೆರಳು ಬಿಟ್ಟುಕೊಡುವುದೇ ಮರ್ಯಾದೆ. ನಾಲ್ಕು ದಿನ ತಲೆನೋವು ತಿಂದ ಮೇಲೆ ನಾನೂ ಪಾಠ ಮುಗಿಸಿ, ಉಂಡು, ಹಿತ್ತಲಿನ ಹ್ಯಾಮಾಕಿನಲ್ಲಿ ಮಲಗಿ, ನಾಲ್ಕಕ್ಕೆ ಹೊರಡುವುದನ್ನು ಕಲಿತೆ.

ನಾಲ್ಕಕ್ಕೆ ಹೊರಟರೆ ಹೋಗಬೇಕಾದ ಜಾಗ ಕತೆದ್ರಾಲ್‌ನ, ಅಂದರೆ ಊರಿನ ದೊಡ್ಡ ಇಗರ್ಜಿಯ, ಮಾಡು. 1747ರಲ್ಲಿ ಕಟ್ಟಲು ಶುರು ಮಾಡಿದ ಇದು ಈಗ ಯುನೆಸ್ಕೊ ಪಟ್ಟಿಯಲ್ಲಿದೆ. ಇಕ್ಕಟ್ಟಾದ ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೋಗಬೇಕು. ಮೇಲೆ ಪೂರ್ತಿ ಬಿಳಿ, ಸುಣ್ಣ ಬಳಿದ ಗುಮ್ಮಟಗಳು, ಮೊಸರು ಕುಡಿಕೆಗಳನ್ನು ಬೋರಲು ಹಾಕಿಟ್ಟಂತೆ. ಉತ್ತರದಿಂದ ಮೂಡಿನವರೆಗೆ ಜ್ವಾಲಾಮುಖಿಗಳ ಸಾಲು: ಸಾನ್ ಕ್ರಿಸ್ತೋಬಲ್, ತೆಲಿಕಾ, ದೂರದಲ್ಲಿ ಮೊಮೊತೊಂಬೊ. ಹಳೆಯ ಲೆಯೋನ್ ಇದ್ದದ್ದು ಈ ಮೊಮೊತೊಂಬೊ ಬುಡದಲ್ಲಿ. 1610ರಲ್ಲಿ ಅದನ್ನು ಬಿಟ್ಟು ಊರಿಗೆ ಊರೇ ಇಲ್ಲಿಗೆ ಬಂತು. ಕೆಳಗೆ ಗರ್ಭಗುಡಿಯ ಹತ್ತಿರ ಕವಿ ರುಬೇನ್ ದಾರಿಯೊ ಸಮಾಧಿ ಇದೆ, 1916ರದ್ದು. ಅದರ ಮೇಲೆ ಒರಗಿದ ಸಿಂಹದ ಮುಖ ನೋಡಿದರೆ ಈಗಷ್ಟೇ ಅತ್ತು ಮುಗಿಸಿದಂತಿದೆ.

ಕವಿಗಳೆಂದರೆ ಇಲ್ಲಿ ಶಾಲು ಹೊದ್ದು ಕೂತವರಷ್ಟೇ ಅಲ್ಲ. 1956ರ ಸೆಪ್ಟೆಂಬರಿನಲ್ಲಿ ಸರ್ವಾಧಿಕಾರಿ ಸೊಮೋಸಾ ಗಾರ್ಸಿಯಾ ಇದೇ ಊರಿನ ಒಂದು ಔತಣಕೂಟಕ್ಕೆ ಬಂದಾಗ ಗುಂಡು ಹಾರಿಸಿದ ರಿಗೊಬೆರ್ತೊ ಲೋಪೆಸ್ ಪೆರೆಸ್ ಕೂಡ ಕವಿಯೇ. 1959ರ ಜುಲೈ 23ರಂದು ಮೆರವಣಿಗೆ ಹೊರಟ ವಿದ್ಯಾರ್ಥಿಗಳ ಮೇಲೆ ಸೈನಿಕರು ಗುಂಡು ಹಾರಿಸಿ ನಾಲ್ವರು ಹುಡುಗರು ಸತ್ತರು. ದೇಶದಲ್ಲಿ ವಿದ್ಯಾರ್ಥಿ ದಿನ ಆಚರಿಸುವುದು ಆ ತಾರೀಕಿಗೆ. ಬಿಯರ್ ಬಾಟಲಿ ಹಿಡಿದು ಓಡಾಡುವ ಬೀದಿಗಳೂ ಇವೇ.

ಇನ್ನು ಊಟ. ನಾನು ಸಸ್ಯಾಹಾರಿ. ‘ಸಿನ್ ಕಾರ್ನೆ’, ಮಾಂಸ ಬೇಡ, ಎಂದು ಬಾಯಿಪಾಠ ಮಾಡಿ ಹೋಗಿದ್ದೆ. ಮೊದಲ ರಾತ್ರಿ ತಟ್ಟೆಯಲ್ಲಿ ಕೋಳಿ ಬಂತು. ಕಾರ್ನೆ ಎಂದರೆ ದನದ್ದು ಎಂದೇ ಅವರ ಲೆಕ್ಕ, ಕೋಳಿ ಕೋಳಿಯೇ. ಆಮೇಲೆ ಕೋಳಿ, ಹಂದಿ, ಮೀನು, ಎಲ್ಲದರ ಹೆಸರು ಹೇಳಿ ಬೇಡ ಅನ್ನುತ್ತಿದ್ದೆ. ‘ಪಾಪ, ಏನು ಕಾಯಿಲೆ?’ ಎಂಬಂತೆ ನೋಡುತ್ತಿದ್ದರು. ಉಳಿಸಿದ್ದು ಗಾಯೊ ಪಿಂಟೊ. ಸಣ್ಣ ಕೆಂಪು ಬೀನ್ಸ್ ಬೇಯಿಸಿ, ಅನ್ನದ ಜೊತೆ ಈರುಳ್ಳಿ ಹಾಕಿ ಹುರಿದದ್ದು. ಬೆಳಿಗ್ಗೆ ಅದೇ, ರಾತ್ರಿ ಅದೇ. ಬೀನ್ಸ್ ಬೇಯಿಸುವಾಗ ಹಂದಿಕೊಬ್ಬು ಹಾಕಿದ್ದಾರೋ ಎಂದು ಮಾತ್ರ ಕೇಳಿಕೊಳ್ಳಬೇಕು.

ಅಂಗಡಿ ಊಟಕ್ಕಿಂತ ಬೀದಿಯ ಫ್ರಿತಾಂಗಾ ನನಗೆ ಹಿಡಿಸಿತು. ಕತ್ತಲಾದ ಮೇಲೆ ಕತೆದ್ರಾಲ್ ಹಿಂಭಾಗದಲ್ಲಿ ಇದ್ದಿಲ ಒಲೆಗಳು ಹೊಗೆಯೇಳುತ್ತವೆ. ಬಾಳೆ ಎಲೆಯ ತುಂಡಿನ ಮೇಲೆ ಗಾಯೊ ಪಿಂಟೊ, ಕರಿದ ಚೀಸ್, ವಿನೆಗರ್ ಹಾಕಿದ ಕೋಸಿನ ಕೋಸಂಬರಿ, ಮೇಲೆ ಉದ್ದಕ್ಕೆ ಸೀಳಿ ಕರಿದ ಬಾಳೆಕಾಯಿ. ಆ ಬಾಳೆಕಾಯಿ ಅಜ್ಜಿ ಕರಿದ ಚಿಪ್ಸೇ, ಸ್ವಲ್ಪ ದಪ್ಪ ಅಷ್ಟೇ.

ಕೆಸಿಯೊ ತಿನ್ನುವುದಕ್ಕೆ ಮಾತ್ರ ಒಂದು ವಿದ್ಯೆ ಬೇಕು. ದಪ್ಪ ಮೆಕ್ಕೆಜೋಳದ ರೊಟ್ಟಿ, ಅದರ ಮೇಲೆ ಎಳೆದರೆ ಹಿಗ್ಗುವ ಬಿಳಿ ಚೀಸಿನ ಹಾಳೆ, ಹುಳಿಯಲ್ಲಿ ನೆನೆದ ಈರುಳ್ಳಿ. ಸುರುಳಿ ಸುತ್ತಿ ತೆಳು ಪ್ಲಾಸ್ಟಿಕ್ ಕೊಟ್ಟೆಗೆ ಇಳಿಸಿ, ಮೇಲಿಂದ ಕೆನೆ ಸುರಿದು, ಉಪ್ಪು ಉದುರಿಸಿ ಗಂಟು ಹಾಕಿ ಕೊಡುತ್ತಾರೆ. ನಾನು ಗಂಟು ಬಿಚ್ಚಿದೆ, ಕೆನೆ ಅಂಗಿಗೆ ಬಂತು. ಬಿಚ್ಚಬಾರದು: ಕೆಳಗಿನ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ಹರಿದು, ಮೇಲಿಂದ ಒತ್ತುತ್ತ ಚೀಪಬೇಕು. ಮನಾಗುವಾ ರಸ್ತೆಯ ನಾಗರೊತೆ, ಲಾ ಪಾಸ್ ಸೆಂತ್ರೊ ಎರಡೂ ಊರಿನವರು ಇದು ತಮ್ಮದೇ ಎನ್ನುತ್ತಾರೆ. ನನಗೆ ನಾಗರೊತೆಯದ್ದು ರುಚಿಸಿತು.

ರಾತ್ರಿಯ ಲೆಯೋನ್ ವಿದ್ಯಾರ್ಥಿಗಳದ್ದು, ಗುರುವಾರದಿಂದಲೇ. ರಮ್ ಕುಡಿಯುವವರು ಪೆಗ್ ಲೆಕ್ಕ ಹಾಕುವುದಿಲ್ಲ. ‘ಮೇದಿಯಾ’, ಅರ್ಧ ಬಾಟಲಿ, ತರಿಸುತ್ತಾರೆ. ಜೊತೆಗೆ ಐಸಿನ ಬಕೆಟ್, ಕೋಲಾ, ಹೆಚ್ಚಿದ ಲಿಂಬೆ. ಫ್ಲೋರ್ ದೆ ಕಾನ್ಯಾ ರಮ್ ತಯಾರಾಗುವುದು ಹತ್ತಿರದ ಚಿಚಿಗಲ್ಪಾದಲ್ಲೇ. ನಾನು ತೋನ್ಯಾ ಬಿಯರ್ ಒಂದನ್ನೇ ರಾತ್ರಿಯಿಡೀ ಬಿಸಿ ಮಾಡುತ್ತ ಕೂತೆ. ಕುಣಿಯದೆ ಕೂತರೆ ಬಿಡುವುದಿಲ್ಲ. ಬಚಾತಾದ ಹೆಜ್ಜೆ ಮೂರು, ನಾಲ್ಕನೆಯದಕ್ಕೆ ಸೊಂಟ. ನನ್ನ ಸೊಂಟ ಐದನೆಯದಕ್ಕೆ ಬರುತ್ತಿತ್ತು. ತಡರಾತ್ರಿ ಒಬ್ಬನೇ ನಡೆಯಬೇಡ, ಟ್ಯಾಕ್ಸಿ ಹಿಡಿ ಎಂದು ಮನೆಯಾಕೆ ಮೊದಲೇ ಹೇಳಿದ್ದರು, ಹಾಗೇ ಮಾಡಿದೆ.

ಸೆರೊ ನೆಗ್ರೊ ಬಗ್ಗೆ ಎಲ್ಲರೂ ಬರೆಯುತ್ತಾರೆ, ಚುಟುಕಾಗಿ ಹೇಳುತ್ತೇನೆ. 1850ರಲ್ಲಿ ಹುಟ್ಟಿದ ಕರೀ ಜ್ವಾಲಾಮುಖಿ ಗುಡ್ಡ, 728 ಮೀಟರ್. ಮರದ ಹಲಗೆ ಹೊತ್ತು ಒಂದು ತಾಸು ಹತ್ತಿ, ಅದರ ಮೇಲೆ ಕೂತು ಕೆಲವೇ ನಿಮಿಷದಲ್ಲಿ ಜಾರುವುದು. ನಮ್ಮನ್ನು ಕರೆದೊಯ್ದವರು ಕೊಟ್ಟ ಕನ್ನಡಕ ಸಡಿಲವಿತ್ತು, ಅರ್ಧದಲ್ಲಿ ಉರುಳಿದೆ. ಮರುದಿನ ಸ್ನಾನದಲ್ಲೂ ಕಿವಿಯಿಂದ ಕರೀ ಹರಳು ಬಂತು. ಮತ್ತೆ ಹೋಗಲಾರೆ.

ಮತ್ತೆ ಹೋಗುವುದಾದರೆ ಡಿಸೆಂಬರ್ 7ಕ್ಕೆ. ಅಂದು ಗ್ರಿತೇರಿಯಾ, ಮಾತೆ ಮರಿಯಳ ಹಬ್ಬ. ಅದಕ್ಕೆ ಮೊದಲಿನ ದಿನಗಳಲ್ಲೇ ಸಂಜೆಯಾದರೆ ಡೋಲಿನ ಸದ್ದು: ಹಿಗಾಂತೋನಾ ಬರುತ್ತಿದ್ದಾಳೆ. ಎರಡಾಳೆತ್ತರದ ಸ್ಪ್ಯಾನಿಷ್ ದೊರೆಸಾನಿಯ ಗೊಂಬೆ, ಲಂಗದೊಳಗೆ ಒಬ್ಬ ಹುಡುಗ ಹೊತ್ತು ಗಿರಗಿರ ತಿರುಗಿಸುತ್ತಾನೆ. ಪಕ್ಕದಲ್ಲಿ ದೊಡ್ಡ ತಲೆಯ ಗಿಡ್ಡ. ನಮ್ಮ ರಥಬೀದಿಯ ತಟ್ಟಿರಾಯನಿಗೆ ಹೆಣ್ಣು ಕೊಡಬಹುದು ಅನ್ನಿಸಿತು. ಡೋಲು ನಿಂತಾಗ ಒಬ್ಬ ಪ್ರಾಸ ಕಟ್ಟಿ ಪದ್ಯ ಹೇಳುತ್ತಾನೆ, ಚಿಲ್ಲರೆ ಕೊಟ್ಟವರ ಹೆಸರಿನ ಮೇಲೂ.

ಏಳರಂದು ಸಂಜೆ ಆರಕ್ಕೆ ಕತೆದ್ರಾಲ್ ಎದುರು ಕೂಗು ಏಳುತ್ತದೆ: ‘ಕಿಯೆನ್ ಕಾವ್ಸಾ ತಾಂತಾ ಅಲೆಗ್ರಿಯಾ?’ ಇಷ್ಟೊಂದು ಸಂತೋಷಕ್ಕೆ ಕಾರಣ ಯಾರು? ‘ಲಾ ಕೊನ್ಸೆಪ್ಸಿಯೋನ್ ದೆ ಮರಿಯಾ!’, ಮರಿಯಳು ತಾಯ ಗರ್ಭದಲ್ಲಿ ಮೂಡಿದ್ದು, ಅನ್ನುತ್ತದೆ ಇಡೀ ಚೌಕ. ಗಂಟೆ, ಗರ್ನಾಲು, ಹೊಗೆ. ಆಮೇಲೆ ಎಲ್ಲರೂ ಚೀಲ ಹಿಡಿದು ಮನೆಮನೆಗೆ. ಬಾಗಿಲಲ್ಲೇ ಮಾತೆ ಮರಿಯಳ ಅಲಂಕಾರ; ಅದರೆದುರು ಹಾಡಿದರೆ ಕಬ್ಬಿನ ತುಂಡು, ಲಿಂಬೆ, ಮಿಠಾಯಿ ಕೈಗೆ ಹಾಕುತ್ತಾರೆ. ಹಾಡು ಬಾರದ ನಾನು ಬಾಯಿ ಆಡಿಸಿದೆ. ಯಾರೂ ಕೇಳಲಿಲ್ಲ.

ಮನೆಗೆ ಬಂದು ಎಣಿಸಿದರೆ ಹನ್ನೊಂದು ಲಿಂಬೆ. ಸೂಟ್‌ಕೇಸಿನಲ್ಲಿ ಒಗ್ಗರಣೆ ಡಬ್ಬಿ ಹಾಗೇ ಕೂತಿತ್ತು. ಮರುದಿನ ಬೆಳಿಗ್ಗೆ ಮನೆಯಾಕೆಯ ಅಡುಗೆಮನೆಯಲ್ಲಿ ಚಿತ್ರಾನ್ನ ಮಾಡಿದೆ, ಮಾರುಕಟ್ಟೆಯ ಶೇಂಗಾ ಹಾಕಿ. ಆಕೆ ಎರಡು ಸಲ ಬಡಿಸಿಕೊಂಡು ತಿಂದರು. ಚೆನ್ನಾಗಿದೆ, ಆದರೆ ಗಡಿಬಿಡಿಯಲ್ಲಿ ಬೀನ್ಸ್ ಹಾಕುವುದು ಮರೆತಿದ್ದೀಯ ಎಂದರು.