ಗದ್ದಲ ಹುಟ್ಟುವ ಜಾಗ ಹುಡುಕಿ

ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯ ಕೊಠಡಿ ನನ್ನ ಪಾಲಿಗೆ ಬಂದಾಗ ಒಂದರಿಂದ ಮೂರನೇ ತರಗತಿಯವರೆಗಿನ 26 ಮಕ್ಕಳು ಒಟ್ಟಿಗೇ ಇದ್ದರು. ‘ಸುಮ್ಮನಿರಿ’ ಎಂದು ಕೂಗಿ ಕೂಗಿ ಸಂಜೆಗೆ ಗಂಟಲು ಕಟ್ಟುತ್ತಿತ್ತು. ಪಕ್ಕದ ಕೊಠಡಿಯ ಹಿರಿಯ ಮೇಡಂ, “ಗದ್ದಲ ಯಾವಾಗ ಶುರುವಾಗುತ್ತದೆ ಎಂದು ಮೂರು ದಿನ ಬರೆದಿಡಿ, ಆಮೇಲೆ ಮಾತಾಡೋಣ” ಎಂದರು.

ಬರೆದು ನೋಡಿದರೆ ಬಹುಪಾಲು ಗದ್ದಲ ಮಕ್ಕಳು ತಮ್ಮ ಕಲಿಕೆಯ ಚಟುವಟಿಕೆಯ ಕಾರ್ಡ್ ಬದಲಿಸುವಾಗಲೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಮಗು ಕಲಿಕೆಯ ಮೆಟ್ಟಿಲುಗಳನ್ನು ಕ್ರಮವಾಗಿ ತೋರಿಸುವ ‘ಕಲಿಕಾ ಏಣಿ’ ಎಂಬ ಪಟ ನೋಡಿ ತನ್ನ ಕಾರ್ಡನ್ನು ತಾನೇ ತರಬೇಕು. ನಮ್ಮಲ್ಲಿ ಎಲ್ಲ ಕಾರ್ಡುಗಳೂ ಕಪ್ಪುಹಲಗೆಯ ಪಕ್ಕದ ಒಂದೇ ಮೂಲೆಯಲ್ಲಿದ್ದವು. ಅಲ್ಲಿ ನೂಕಾಟವಾಗದೆ ಇನ್ನೇನಾದೀತು?

ಹಾಗಾಗಿ ಮೊದಲು ಕಾರ್ಡುಗಳನ್ನು ತರಗತಿವಾರು ಮೂರು ಗೋಡೆಗಳಿಗೆ ಹಂಚಿ. ಮರಳಿ ಜೋಡಿಸುವ ಹೊಣೆಯನ್ನು ಮೂರನೇ ತರಗತಿಯವರಿಗೆ ಕೊಡಿ, ವಾರಕ್ಕೊಮ್ಮೆ ಬದಲಿಸಿ.

ಸೂಚನೆ ಕೊಡುವ ಮುನ್ನ ಮೂರು ಚಪ್ಪಾಳೆ ತಟ್ಟಿ. ಮಕ್ಕಳು ಎರಡು ತಟ್ಟಿ ಕೈಕಟ್ಟಲಿ. ಕೊನೆಯ ಮಗು ನಿಮ್ಮತ್ತ ನೋಡುವವರೆಗೆ ಬಾಯಿ ತೆರೆಯಬೇಡಿ. ಮೊದಲ ವಾರ ಆ ಕಾಯುವಿಕೆ ಬಹಳ ಕಷ್ಟ, ಆದರೂ ಕಾಯಿರಿ. ನಂತರ ಮೆಲುದನಿಯಲ್ಲಿ ಒಂದೇ ಸೂಚನೆ ಕೊಟ್ಟು, ಅದನ್ನು ಒಂದು ಮಗುವಿನಿಂದ ಮತ್ತೆ ಹೇಳಿಸಿ.

ಎಲ್ಲ ಸದ್ದನ್ನೂ ಅಡಗಿಸಬೇಡಿ. ಗೆಳೆಯರ ನೆರವಿನಿಂದ ಕಲಿಯುವ ‘ತಟ್ಟೆ’ಯಲ್ಲಿ, ಅಂದರೆ ಆ ಗುಂಪಿನಲ್ಲಿ, ಮಾತು ಇರಲೇಬೇಕು.

ಎರಡನೇ ತರಗತಿಯ ಹುಡುಗನೊಬ್ಬ ದಿನವೂ ಸ್ಲೇಟನ್ನು ನೆಲಕ್ಕೆ ಬಡಿಯುತ್ತಿದ್ದ. ಹೆಸರು ಹಿಡಿದು ಗದರಿದಷ್ಟೂ ಬಡಿತ ಜೋರಾಗುತ್ತಿತ್ತು. ಒಂದು ದಿನ ಏನೂ ಹೇಳದೆ ಅವನ ಪಕ್ಕ ಚಕ್ಕಳಮಕ್ಕಳ ಹಾಕಿ ಕುಳಿತು ಇನ್ನೊಂದು ಮಗುವಿನ ಲೆಕ್ಕ ನೋಡತೊಡಗಿದೆ. ಬಡಿತ ನಿಂತಿತು. ಸ್ವಲ್ಪ ಹೊತ್ತಿಗೆ ಸ್ಲೇಟು ನನ್ನ ಮೊಣಕಾಲಿಗೆ ತಾಗಿತು. ಅದರಲ್ಲಿ ‘ಬ’ ಮತ್ತು ‘ಭ’ ಎರಡನ್ನೂ ಒಂದೇ ರೀತಿ ಬರೆದಿದ್ದ. ಕಾರ್ಡ್ ಅವನಿಗೆ ಕಠಿಣವಾಗಿತ್ತು, ಅಷ್ಟೇ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತದ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಎಲ್ಲರೆದುರು ಅವನನ್ನು ಹೀಗಳೆದ ದಿನಗಳಿಗಾಗಿ ನನಗೆ ಇಂದಿಗೂ ಸಂಕಟವಿದೆ. ಆದ್ದರಿಂದ ಪದೇ ಪದೇ ಗಲಾಟೆ ಮಾಡುವ ಮಗುವಿನ ಕಾರ್ಡನ್ನು ಮೊದಲು ನೋಡಿ. ಬೇಕಿದ್ದರೆ ಏಣಿಯಲ್ಲಿ ಎರಡು ಮೆಟ್ಟಿಲು ಹಿಂದಕ್ಕೆ ಹೋಗಿ ಅವನ ಜೊತೆ ಕುಳಿತುಕೊಳ್ಳಿ.

ಬಿಸಿಯೂಟದ ನಂತರ ನೇರವಾಗಿ ಬರವಣಿಗೆಗೆ ಇಳಿಸಬೇಡಿ. ಐದು ನಿಮಿಷ ಕಥೆ ಹೇಳಿ. ಅದು ಮುಗಿಯುವವರೆಗೆ ಕಾರ್ಡುಗಳು ಗೋಡೆಯ ಬಳಿಯೇ ಇರಲಿ.