ಹೊಳೆ ಏರುವ ಮೊದಲೇ ದನ ದಿಬ್ಬ ಹತ್ತಲಿ

ನಮ್ಮ ಕಡೆ ನೆರೆ ಬರುವ ದಿನ ನೆತ್ತಿ ಮೇಲೆ ಬಿಸಿಲೇ ಇರಬಹುದು. ಮಳೆ ಹುಯ್ಯುವುದು ಕೊಡಗು, ವಯನಾಡಿನಲ್ಲಿ. ನೀರು ನುಗ್ಗುವುದು ಶ್ರೀರಂಗಪಟ್ಟಣ, ನಂಜನಗೂಡಿನ ಹೊಳೆದಂಡೆಗೆ. ಮೋಡ ನೋಡಿಕೊಂಡು ಕೂತರೆ ಆಗಲ್ಲ. ಕೆಆರ್‌ಎಸ್ ಅಣೆಕಟ್ಟೆಯ ಮಟ್ಟ ಭರ್ತಿಯ ಗುರುತಾದ 124.80 ಅಡಿ ಮುಟ್ಟುತ್ತಿದೆ, ಕಬಿನಿ ಜಲಾಶಯದ ಹೊರಹರಿವು ಜಾಸ್ತಿಯಾಗಿದೆ ಎಂದು ಕೇಳಿದ ದಿನವೇ ದನ ಸಾಗಿಸಿ. ನಂಜನಗೂಡಿನ ಹೊಳೆಯಲ್ಲಿರುವ ಹದಿನಾರು ಕಾಲು ಮಂಟಪ ಮುಳುಗಲಿ, ಆಮೇಲೆ ನೋಡೋಣ ಅನ್ನುವವರಿದ್ದಾರೆ. ಅಷ್ಟೊತ್ತಿಗೆ ಕೊಟ್ಟಿಗೆಯ ದಾರಿ ಉಳಿದಿರುತ್ತಾ?

ಮಳೆಗಾಲಕ್ಕೆ ಮುಂಚೆ ಗಳಲೆ ರೋಗ, ಚಪ್ಪೆ ರೋಗದ ಲಸಿಕೆ ಮುಗಿಸಿ. ದನದ ಕಿವಿಗೆ ಚುಚ್ಚಿದ ಗುರುತಿನ ಓಲೆಯ 12 ಅಂಕಿ ಕಾಣುವಂತೆ ಒಂದೊಂದು ದನದ ಫೋಟೊ ಮೊಬೈಲ್‌ನಲ್ಲಿರಲಿ. ಕೊಚ್ಚಿಹೋದ ಹಸು ಬೇರೆ ಊರಲ್ಲಿ ಸಿಕ್ಕರೆ ನಿಮ್ಮದೇ ಅಂತ ತೋರಿಸಲು ಬೇಕಾಗುತ್ತದೆ. ಒಣಮೇವು ಅಟ್ಟದ ಮೇಲೇರಲಿ.

ಹೊಡೆದುಕೊಂಡು ಹೋಗುವ ಜಾಗ ಮೊದಲೇ ಗೊತ್ತಿರಬೇಕು. ದಿಬ್ಬದ ಮೇಲಿನ ಬಯಲು ಒಳ್ಳೆಯದು. ನಾಲೆ ಏರಿ ಬೇಡ, ನೆನೆದ ಏರಿ ಕುಸಿಯಬಹುದು. ಬೆಟ್ಟದ ಬುಡವೂ ಬೇಡ. 2021ರಲ್ಲಿ ಚಾಮುಂಡಿ ಬೆಟ್ಟದ ನಂದಿ ರಸ್ತೆಯೇ ಜರಿದಿತ್ತಲ್ವಾ? ಹಗಲಲ್ಲೇ ಹೊರಡಿ. ಕರು ಮುಂದೆ ನಡೆದರೆ ತಾಯಿ ತಾನಾಗಿ ಬರುತ್ತದೆ. ಹರಿಯುವ ನೀರು ದಾಟಿಸುವ ಸಾಹಸ ಬೇಡ.

ಹೊತ್ತೇ ಇಲ್ಲ ಎಂದಾಗ ಒಂದೇ ಕೆಲಸ: ಕಣ್ಣಿ ಬಿಚ್ಚಿ, ಬಾಗಿಲು ತೆರೆದು ಬಿಡಿ. ಗಂಟು ಬಿಗಿದಿದ್ದರೆ ಕುಡುಗೋಲಿನಲ್ಲಿ ಕತ್ತರಿಸಿ. ದನ ಈಜುತ್ತದೆ, ಕಟ್ಟಿದ ದನಕ್ಕೆ ಆ ದಾರಿಯೂ ಇಲ್ಲ. ಕೊರಳಲ್ಲಿ ಉದ್ದ ಹಗ್ಗ ಜೋಲಾಡದಿರಲಿ, ಬೇಲಿಗೆ ಸಿಕ್ಕಿಕೊಳ್ಳುತ್ತದೆ.

ಕೆಸರಲ್ಲಿ ಹೂತ ಹಸುವನ್ನು ಎತ್ತುವಾಗಲೇ ತಪ್ಪು ಜಾಸ್ತಿ. ಕೊಂಬು, ಕೊರಳು, ಬಾಲಕ್ಕೆ ಹಗ್ಗ ಹಾಕಿ ಟ್ರ್ಯಾಕ್ಟರ್‌ನಿಂದ ಜಗ್ಗಿದರೆ ಮೂಳೆ ಮುರಿಯುತ್ತದೆ. ಹತ್ತಿರದಲ್ಲಿ ಪಂಪ್‌ಸೆಟ್ ತಂತಿ ಇದ್ದರೆ ಮೊದಲು ಕರೆಂಟ್ ತೆಗೆಸಿ. ಹಲಗೆ ಹಾಸಿ ಹತ್ತಿರ ಹೋಗಿ, ಒದೆ ಬೀಳುವ ಹಿಂಗಾಲ ಬಳಿ ನಿಲ್ಲಬೇಡಿ. ಕಾಲಿನ ಪಕ್ಕದ ಮಣ್ಣು ತೋಡಿ, ಪೈಪಿನಿಂದ ನೀರು ಬಿಡಿ. ಕೆಸರಿನ ಹಿಡಿತ ಬಿಡುವುದೇ ಆ ನೀರಿಗೆ. ಆಮೇಲೆ ಅಗಲವಾದ ಪಟ್ಟಿಯನ್ನು, ಇಲ್ಲವೇ ಮಡಚಿದ ಗೋಣಿಯನ್ನು, ಮುಂಗಾಲ ಹಿಂದೆ ಎದೆಗೆ ಸುತ್ತಿ, ಗಟ್ಟಿ ನೆಲದ ಕಡೆಗೆ ನಾಲ್ಕಾರು ಜನ ನಿಧಾನಕ್ಕೆ ಎಳೆಯಿರಿ.

ಹೊರಬಂದ ಹಸುವನ್ನು ಎದೆ ಮೇಲೆ ಕೂರಿಸಿ, ಪಕ್ಕಕ್ಕೆ ಹುಲ್ಲಿನ ಮೂಟೆ ಆನಿಸಿ, ಒಣ ಗೋಣಿಯಲ್ಲಿ ಮೈ ಉಜ್ಜಿ. ಏಳದಿದ್ದರೆ ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಸುಸ್ತಾಗಿದೆ ಅಂತ ಬಾಯಿಗೆ ನೀರು ಸುರಿಯಬೇಡಿ, ಶ್ವಾಸಕೋಶಕ್ಕೆ ಹೋದೀತು. 1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ಕೇಳಬಹುದು.

ನೀರಿಳಿದ ಮೇಲೆ ಬೂಸ್ಟು ಹಿಡಿದ ಹುಲ್ಲು ತಿಪ್ಪೆಗೆ ಹೋಗಲಿ. ಕೆಚ್ಚಲು ತೊಳೆದು, ಮೊದಲ ಹಾಲು ಬೇರೆ ಪಾತ್ರೆಗೆ ಹಿಂಡಿ ನೋಡಿ. ಗಡ್ಡೆ ಕಂಡರೆ ಕೆಚ್ಚಲು ಬಾವು, ಡೇರಿಗೆ ಹಾಕುವ ಮುನ್ನ ಡಾಕ್ಟರಿಗೆ ತೋರಿಸಿ.